ಯುಡಿಆರ್ 11/88ರ ಲಕೋಟೆ

2007ರ ಮೇ 22, ಮಂಗಳವಾರ. ಬೆಳಗಿನ ಹತ್ತೂ ಕಾಲಿಗೆ ಹೊಳೆಸಾಲು ಠಾಣೆಗೆ ಒಂದು ದೂರು ಬಂತು. ಕೊಟ್ಟವರು ಹೊರಗಿನವರಲ್ಲ, ಅದೇ ಠಾಣೆಯ ಹೆಡ್ ಕಾನ್‌ಸ್ಟೇಬಲ್ ರಹಿಮಾನಸಾಬ. ಕಳವಾದದ್ದು ಠಾಣೆಯದೇ ಒಂದು ಕಡತ. ಕಳ್ಳರನ್ನು ಹಿಡಿಯುವವರ ಮನೆಯಲ್ಲೇ ಕಳವಾದರೆ ಊರು ನಗದೆ ಬಿಟ್ಟೀತೆ?

ಅಸ್ವಾಭಾವಿಕ ಮರಣಗಳ ಕಡತಗಳಿಗೆ ಠಾಣೆಯಲ್ಲಿ ಯುಡಿಆರ್ ಎನ್ನುತ್ತಾರೆ. ಅವಧಿ ಮುಗಿದ ಎಂಬತ್ತಾರನ್ನು ಇದೇ 28ಕ್ಕೆ ಸುಡಬೇಕೆಂದು ಹಾವೇರಿಯಿಂದ ಆದೇಶ ಬಂದಿತ್ತು. ಎಣಿಸಿದರೆ ಎಂಬತ್ತೈದೇ ಇದ್ದವು. ಇಲ್ಲದ್ದು 11/88.

"ಕೀಲಿ ಯಾರ ಕಡೆ ಇರ್ತೈತಿ?" ಸಬ್ ಇನ್ಸ್‌ಪೆಕ್ಟರ್ ವಿಜಯಮಹಾಂತೇಶ ಕೇಳಿದರು.

"ನನ್ನ ಕಡೇನ್ರಿ, ಸಾಹೇಬ್ರ."

"ಬ್ಯಾರೆ ಯಾರೂ ಒಳಗ ಹೋಗಿಲ್ಲ?"

"ಇಲ್ರಿ. ಕಡತಾ ಕಟ್ಟಾಕ ಆ ಕಾಲೇಜ್ ಹುಡುಗಿ ಅಷ್ಟ ಬರ್ತಿತ್ತು. ಅದ್ಯಾಕ ಒಯ್ತೈತ್ರಿ, ಕೂಸದು."

ಹುಡುಗಿಯ ಹೆಸರು ಶ್ರೀದೇವಿ. ಧಾರವಾಡದಲ್ಲಿ ಅಪರಾಧಶಾಸ್ತ್ರದ ಬಿ.ಎ. ಓದುತ್ತಿದ್ದಳು. ಎರಡನೇ ವರ್ಷ ಮುಗಿಸಿ, ಒಂದು ತಿಂಗಳ ಇಂಟರ್ನ್‌ಶಿಪ್ಪಿಗೆ ಬಂದಿದ್ದಳು. "ಕಳ್ಳರನ್ನ ಹಿಡಿಯಾಕೂ ಡಿಗ್ರಿ ಬೇಕೇನವ್ವಾ? ನಮಗ ಲಾಠಿ ಸಾಕಾಗೈತಿ" ಎಂದು ಪೇದೆಗಳು ಕಾಡಿಸುತ್ತಿದ್ದರು. ರಹಿಮಾನಸಾಬ ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ಮಹಜರು ಬರೆಯಲು ಕಲಿಸಿದ್ದರು, ಮಧ್ಯಾಹ್ನ ತಮ್ಮ ಬುತ್ತಿಯ ರೊಟ್ಟಿ ಕೊಟ್ಟಿದ್ದರು. ಆಕೆ ಅವರನ್ನು ಕಾಕಾ ಎನ್ನುತ್ತಿದ್ದಳು. ಎರಡು ದಿನದಿಂದ ಜ್ವರವೆಂದು ರಜೆ ಹಾಕಿದ್ದಳು. ಸಬ್ ಇನ್ಸ್‌ಪೆಕ್ಟರ್ ಕೂಡ ಆಕೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎಫ್‌ಐಆರ್ 47/2007, ಕಲಂ 379ರಡಿ ಕಳವು ಪ್ರಕರಣ ದಾಖಲಾಯಿತು. ಕೋಣೆಯ ಪಂಚನಾಮೆ ಆಯಿತು. ಬೀಗ ಮುರಿದಿರಲಿಲ್ಲ, ಕಿಟಕಿ ಭದ್ರವಾಗಿತ್ತು. ಹಾವೇರಿಯ ಮೇಲಧಿಕಾರಿಗಳು ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ಶುಕ್ರವಾರದೊಳಗೆ ಕಡತ ಸಿಗಬೇಕು, ಇಲ್ಲವಾದರೆ ರಹಿಮಾನಸಾಬ ಅಮಾನತು. ಅವರ ನಿವೃತ್ತಿಗೆ ಇನ್ನು ಎರಡೇ ತಿಂಗಳಿತ್ತು. ಮೂವತ್ತು ವರ್ಷ ದುಡಿದವನಿಗೆ ಕಡೆಗೆ ಕಳ್ಳನೆಂಬ ಹೆಸರು. ಆ ಮಧ್ಯಾಹ್ನ ಅವರು ಬುತ್ತಿ ಬಿಚ್ಚಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದಿನ ಸಾವು ಯಾರಿಗೆ ಬೇಕು? ರಿಜಿಸ್ಟರಿನಲ್ಲಿ ನಾಲ್ಕು ಸಾಲು ಉಳಿದಿದ್ದವು. ಭರಮವ್ವ, 22 ವರ್ಷ. ಗಳಗನಾಥದ ಕೆಳಗೆ ಹೊಳೆಯಲ್ಲಿ ಶವ. ಆತ್ಮಹತ್ಯೆ. ತವರು ಬ್ಯಾಡಗಿ.

"ಶವಾ ದಂಡಿಗೆ ಎಳದವ ನಾನರಿ," ಎಂದರು ರಹಿಮಾನಸಾಬ. "ಆಗ ಪೇದೆ ಇದ್ದೆ."

ಮೇ 24, ಗುರುವಾರ ಬೆಳಿಗ್ಗೆ 11.40. ಬ್ಯಾಡಗಿಯ ಮೆಣಸಿನಕಾಯಿ ಗೋದಾಮೊಂದರ ಅಂಗಳದಲ್ಲಿ ಭರಮವ್ವನ ತಾಯಿ ಉಚ್ಚಂಗೆವ್ವ ಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು.

"ಭರಮವ್ವ ನಿಮ್ಮ ಮಗಳಾ?" ವಿಜಯಮಹಾಂತೇಶರು ಕೇಳಿದರು.

ಮುದುಕಿಯ ಕೈ ನಿಂತಿತು. "ಆಕಿ ಹೆಸರು ನಮ್ಮ ಮನ್ಯಾಗ ಯಾರೂ ಎತ್ತಂಗಿಲ್ರಿ. ತಾನಾಗಿ ಹೊಳಿಗೆ ಬಿದ್ದಾಕಿ."

"ಗಂಡ?"

"ಮತ್ತೊಂದು ಲಗ್ನಾ ಮಾಡ್ಕೊಂಡು ಹ್ವಾದ. ಎಲ್ಲಿ ಅದಾನೋ."

"ಮಕ್ಕಳು?"

"ಒಂದ ಹೆಣ್ಣು. ವರ್ಸಿನ ಕೂಸನ್ನ ಬಿಟ್ಟು ಹ್ವಾದ್ಲರಿ. ನಾನ ಸಾಕೇನಿ." ಮುದುಕಿಯ ದನಿ ಏರಿತು. "ಈಗ ಧಾರವಾಡದಾಗ ಪೊಲೀಸ್ ಡಿಗ್ರಿ ಓದಾಕತ್ತಾಳ. ನಿಮ್ಮ ಠಾಣೇಕ ಬಂದಾಳಲ್ರಿ, ಶ್ರೀದೇವಿ!"

ದೀಪದ ಬುಡದಲ್ಲೇ ಕತ್ತಲೆ. ವಿಜಯಮಹಾಂತೇಶರು ಮೆಣಸಿನ ಘಾಟಿಗೆ ಕೆಮ್ಮಿದರು, ಕೆಮ್ಮಿದ್ದು ಒಳ್ಳೆಯದೇ ಆಯಿತು. ಮುದುಕಿಗೆ ಏನೂ ಹೇಳದೆ ಜೀಪು ಹತ್ತಿದರು.

ಅಂದೇ ಮಧ್ಯಾಹ್ನ 2.30, ರಾಣೆಬೆನ್ನೂರು. ಶ್ರೀದೇವಿ ಹಿಡಿದಿದ್ದ ಬಾಡಿಗೆ ಕೋಣೆ. ಮಹಿಳಾ ಪೇದೆ ಕರೆವ್ವ ಬರೆಯಲು ಬಂದಿದ್ದಳು, ಕಡತ ಗುರುತಿಸಲು ರಹಿಮಾನಸಾಬ. ಪಂಚರಾಗಿ ಮನೆಯ ಮಾಲಕಿ ಹೊಳಿಯವ್ವ, ಕಿರಾಣಿ ಅಂಗಡಿಯ ಚನ್ನೇಶ. ಹುಡುಗಿ ಬಾಗಿಲು ತೆರೆದವಳೇ ರಹಿಮಾನಸಾಬರನ್ನು ಕಂಡು ತಲೆ ತಗ್ಗಿಸಿದಳು. ಹುಡುಕುವ ಕೆಲಸವೇ ಬೀಳಲಿಲ್ಲ. ತಾನೇ ತಲೆದಿಂಬಿನ ಕೆಳಗಿಂದ ಕಡತ ತೆಗೆದು ಕೊಟ್ಟಳು.

"ಯಾಕ?" ವಿಜಯಮಹಾಂತೇಶರು ಕೇಳಿದರು.

"ಮರಣದ ಪಂಚನಾಮೆ ಪಾಠ ಮಾಡುವಾಗ ನಮ್ಮ ಸರ್ ಹೇಳಿದ್ರು. ಇಂಥ ಸಾವಿನ್ಯಾಗ ಪೊಲೀಸ್ರು ಫೋಟೋ ತಗಸಿ ಕಡತದಾಗ ಇಟ್ಟಿರ್ತಾರಂತ. ಅವ್ವಂದು ಬ್ಯಾರೆ ಫೋಟೋ ಇಲ್ರಿ. ಒಂದೂ ಇಲ್ಲ. ಅದಕ್ಕ ನಿಮ್ಮ ಠಾಣೆ ಕೇಳಿ ಹಾಕಿಸ್ಕೊಂಡೆ."

"ಫೋಟೋ ಅಷ್ಟ ಬಿಚ್ಕೋಬಹುದಿತ್ತಲ್ಲ?"

"ಲಕೋಟಿ ಹೊಲದಾರ್ರಿ. ಬಿಚ್ಚಾಕ ಕೈ ಬರಲಿಲ್ಲ."

"ನಮ್ಮನ್ನ ಕೇಳಬೇಕಿತ್ತು."

"ಕೇಳಿದ್ರ ಕೊಡ್ತಿದ್ರೇನ್ರಿ?"

ವಿಜಯಮಹಾಂತೇಶರು ಲಕೋಟೆಯನ್ನು ಕೈಗೆತ್ತಿಕೊಂಡರು. ಕೊಡುತ್ತಿರಲಿಲ್ಲ.

"ಸಣ್ಣಾಕಿ ಇದ್ದಾಗಿಂದ ಕನಸಿನ್ಯಾಗ ಬರ್ತಾಳ್ರಿ," ಎಂದಳು. "ಬಾಗಲದಾಗ ನಿಂದರ್ತಾಳ. ಸೀರಿ ಕಾಣತೈತಿ, ಕೈ ಕಾಣತಾವ. ಮಾರಿ ಇರಂಗಿಲ್ಲ. ಇದನ್ನ ತಂದು ಹತ್ತು ದಿನಾ ಆತು. ಒಳಗಿಂದು ಓದಾಕೂ ನೋಡಾಕೂ ಧೈರ್ಯ ಆಗವಲ್ದು." ಆಮೇಲೆ ರಹಿಮಾನಸಾಬರ ಕಡೆ ತಿರುಗಿದಳು. "ನಿಮಗ ಹಿಂಗ ಆಗ್ತೈತಂತ ಗೊತ್ತಿರಲಿಲ್ಲ, ಕಾಕಾ. ಹೆಂಗಿದ್ರೂ ಸುಡತಾರಂತ ತಿಳದಿದ್ದೆ."

ಜಪ್ತಿ ಪಂಚನಾಮೆಯಲ್ಲಿ ಲಕೋಟೆಯ ಒಳಗಿನದನ್ನೂ ಬರೆಯಬೇಕು. ಸಬ್ ಇನ್ಸ್‌ಪೆಕ್ಟರ್ ದಾರ ಕತ್ತರಿಸಿದರು. ಹುಡುಗಿ ಗೋಡೆಗೆ ಮುಖ ಮಾಡಿ ನಿಂತಳು.

"ನೀವ ನೋಡಿ ಹೇಳ್ರಿ, ಸರ್. ಹೆಂಗದಾಳ?"

ಅವರು ನೋಡಿದರು. ಮೂರು ದಿನ ನೀರಿನಲ್ಲಿದ್ದ ಹೆಣ. ಮೀನುಗಳು ಏನನ್ನೂ ಉಳಿಸಿರಲಿಲ್ಲ. ಸೀರೆಯಿತ್ತು, ಕೈಗಳಿದ್ದವು. ಮುಖ ಇರಬೇಕಾದಲ್ಲಿ ಮುಖ ಇರಲಿಲ್ಲ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಎಷ್ಟೋ ಹೆಣ ಕಂಡವರು ಅಂದು ಫೋಟೋವನ್ನು ಬೋರಲು ಹಿಡಿದರು.

"ಬರಿ, ಕರೆವ್ವ," ಎಂದರು. ಕಣ್ಣು ಫೋಟೋದ ಮೇಲಿರಲಿಲ್ಲ, ಗೋಡೆಯ ಕಡೆ ತಿರುಗಿದ್ದ ಹುಡುಗಿಯ ಕೆನ್ನೆಯ ಮೇಲಿತ್ತು. "ಕಪ್ಪು ಬಿಳುಪಿನ ಫೋಟೋ ಒಂದು. ಅದರಲ್ಲಿ ಸುಮಾರು ಇಪ್ಪತ್ತೆರಡು ವರ್ಷದ ಹೆಂಗಸು. ಕೋಲು ಮುಖ. ಅಗಲ ಹಣೆ. ಕೂಡುಹುಬ್ಬು. ಗದ್ದ ಸಣ್ಣದು."

ಕರೆವ್ವ ಬರೆಯುತ್ತಿದ್ದಳು. ರಹಿಮಾನಸಾಬ ತಟ್ಟನೆ ತಲೆಯೆತ್ತಿದರು.

"ಕಣ್ಣು ತಗದಾಳೇನ್ರಿ?" ಹುಡುಗಿ ಕೇಳಿದಳು.

"ಮುಚ್ಚ್ಯಾಳ. ಮಲಗಿದಂಗ ಅದಾಳ."

ಆಕೆ ತಿರುಗಿದಳು. ಲಕೋಟೆಯನ್ನಲ್ಲ, ರಹಿಮಾನಸಾಬರನ್ನು ನೋಡಿದಳು. "ಕಾಕಾ, ಕಡತದ ಮ್ಯಾಲ ನಿಮ್ಮ ಹೆಸರೈತಿ, ಅವತ್ತ ನೀವಾ ಇದ್ರಂತ. ಖರೇನ?"

ಈ ಹುಡುಗಿಯಿಂದಲೇ ಎರಡು ದಿನ ಅನ್ನ ನಿದ್ದೆ ಬಿಟ್ಟಿದ್ದ ಮುದುಕ ಆಕೆಯ ತಲೆಯ ಮೇಲೆ ಕೈಯಿಟ್ಟರು.

"ಖರೇನವ್ವಾ. ನಾನ ಎತ್ತೇನಿ. ನಿನ್ನಂಗ ಇದ್ಲು. ನಿನ್ನ ಮಾರೀನ."

ಹುಡುಗಿ ಅಲ್ಲೇ ಕುಸಿದು ಕೂತಳು, ಜೋರಾಗಿ ಅತ್ತಳು. ಪಂಚರ ಮುಂದೆ ಫೋಟೋ ಹಿಡಿದದ್ದು ಬಾಗಿಲ ಹೊರಗೆ. ಹೊಳಿಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚನ್ನೇಶ ಬರೆದದ್ದನ್ನು ಎರಡು ಸಲ ಓದಿದ, ಸಬ್ ಇನ್ಸ್‌ಪೆಕ್ಟರರ ಮುಖ ನೋಡಿದ. ಇಬ್ಬರೂ ಏನೂ ಕೇಳದೆ ಸಹಿ ಹಾಕಿದರು. ಲಕೋಟೆಗೆ ಅರಗಿನ ಮೊಹರು ಬಿತ್ತು. ಪಂಚನಾಮೆ ಸುಳ್ಳಾಗಿತ್ತು, ಮುಂದೆ ನ್ಯಾಯಾಲಯದಲ್ಲಿ ಯಾರಾದರೂ ಮೊಹರು ಒಡೆದರೆ ಉತ್ತರ ಹೇಳಬೇಕಾದವರು ವಿಜಯಮಹಾಂತೇಶರೇ.

ಸಂಜೆ 4.20ಕ್ಕೆ ಶ್ರೀದೇವಿಯ ಬಂಧನವಾಯಿತು. ರಹಿಮಾನಸಾಬರ ಹೆಸರು ಉಳಿಯಿತು, ಆಕೆಯ ಡಿಗ್ರಿ ಉಳಿದೀತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆಕೆ ಅದನ್ನು ಕೇಳಲೂ ಇಲ್ಲ. ಜೀಪಿನ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತ ಕೂತಿದ್ದಳು.

"ಸರ್, ಕಳವಿನ ಉದ್ದೇಶ ಏನಂತ ಬರೀಲಿ?" ಕರೆವ್ವ ಕೇಳಿದಳು.

"ತಾಯಿಯನ್ನು ನೋಡುವ ಸಲುವಾಗಿ, ಅಂತ ಬರಿ."