ಬೆಳಗಿದ ತಾಮ್ರ

ಆಗಸ್ಟ್ ಹತ್ತು, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ದೂರು ಬಂತು. ದೂರುದಾರ ವಿಶ್ವನಾಥ, ವಯಸ್ಸು ನಲವತ್ತಾರು, ಮೂಲ ಬೆಂಗಳೂರು, ಕಂಪ್ಯೂಟರ್ ಕೆಲಸ, ಸ್ಟ್ಯಾನ್ಮೋರ್‌ನಲ್ಲಿ ಸ್ವಂತ ಮನೆ. ಬೀರುವಿನಲ್ಲಿದ್ದ ಅಮೆರಿಕದ ಹಳೇ ತಾಮ್ರದ ನಾಣ್ಯಗಳನ್ನು ಯಾರೋ ಆ್ಯಸಿಡ್ ಹಾಕಿ ಹಾಳು ಮಾಡಿದ್ದಾರೆ. ಒಂದೂ ಕಳುವಾಗಿಲ್ಲ.

"ಕದಿಯದೆ ಹೋದ ಕಳ್ಳ," ಎಂದರು ಇನ್‌ಸ್ಪೆಕ್ಟರ್ ಹೆಲೆನ್ ವಾರ್ಡ್. "ಇಂಥವನನ್ನು ನಾನು ನೋಡಿಲ್ಲ."

ಊರಲ್ಲಾಗಿದ್ದರೆ ಎಫ್‌ಐಆರ್, ಪಂಚನಾಮೆ. ಇಲ್ಲಿ, ಬ್ರಿಟಿಷ್ ಪೊಲೀಸರ ದಾಖಲೆಯಲ್ಲಿ, ಒಂದು ಕ್ರೈಮ್ ನಂಬರ್ ಬಿತ್ತು. ದೂರುದಾರ ಕನ್ನಡದವನೆಂದು ಇನ್‌ಸ್ಪೆಕ್ಟರ್ ಡಿಟೆಕ್ಟಿವ್ ಕಾನ್‌ಸ್ಟೇಬಲ್ ಸೌಜನ್ಯಾಳನ್ನು ಜೊತೆಗೆ ಕರೆದುಕೊಂಡರು. ಸೌಜನ್ಯಾ ಹುಟ್ಟಿ ಬೆಳೆದದ್ದು ಇಲ್ಲೇ ಹತ್ತಿರದ ಹೇಸ್‌ನಲ್ಲಿ. ಕನ್ನಡ ಮಾತ್ರ ಅವ್ವನಿಂದ ಬಂದ ಧಾರವಾಡದ್ದು.

ವಿಶ್ವನಾಥನ ಮನೆಯ ಬಾಗಿಲಿಗೆ ಮೂರು ಬೀಗ. ಒಂದೊಂದಾಗಿ ತೆರೆದುಕೊಂಡವು. ಇವರು ಒಳಗೆ ಬಂದದ್ದೇ ತಡ, ಅವನು ಮೂರನ್ನೂ ಮತ್ತೆ ಹಾಕಿ ಕೀಲಿಗೊಂಚಲು ಜೇಬಿಗಿಳಿಸಿದ.

"ಮತ್ತ ಯಾಕ ಹಾಕಿದ್ರಿ?" ಸೌಜನ್ಯಾ ಕೇಳಿದಳು.

"ಕಾಲ ಕೆಟ್ಟಿದೆ. ಓಹೋ, ಧಾರವಾಡ ಪೇಡ! ನಮ್ಮವರೇ ಬಂದ್ರಲ್ಲ." ಅವನು ನಕ್ಕ. ಅವಳು ನಗಲಿಲ್ಲ.

ಬೇಸಿಗೆಯ ದಿನ, ಆದರೆ ಒಂದು ಕಿಟಕಿಯೂ ತೆರೆದಿರಲಿಲ್ಲ. ಚೌಕಟ್ಟಿಗೇ ಸ್ಕ್ರೂ ಬಿಗಿದಿದ್ದರು. ಮನೆಯಲ್ಲಿ ಮುಗ್ಗಲು ವಾಸನೆ. ಹಾಲ್‌ನಲ್ಲಿ, ಮೆಟ್ಟಿಲ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ಕ್ಯಾಮೆರಾಗಳು. ಸೌಜನ್ಯಾ ಗಮನಿಸಿದಳು: ಒಂದೂ ಬೀದಿಯ ಕಡೆಗೆ ಮುಖ ಮಾಡಿರಲಿಲ್ಲ. ಎಲ್ಲವೂ ಒಳಗೇ ನೋಡುತ್ತಿದ್ದವು.

ಬೀರು ಇದ್ದ ಕೋಣೆಯಲ್ಲಿ ಮಾತ್ರ ಕ್ಯಾಮೆರಾ ಇರಲಿಲ್ಲ. ನಾಣ್ಯಗಳ ಚಿತ್ರ ಇಂಟರ್ನೆಟ್ಟಿಗೆ ಸೋರೀತೆಂದು ಅವನಿಗೆ ಅಂಜಿಕೆ. ಅವನು ಬೀರುವಿನ ಖಾನೆ ಎಳೆದು ತೋರಿಸಿದ. ಇನ್ನೂರು ವರ್ಷ ದಾಟಿದ, ದಪ್ಪ, ಅಗಲದ ನಾಣ್ಯಗಳು. ಮೇಲೆ ಕೂದಲು ಬಿಚ್ಚಿದ ಹೆಂಗಸಿನ ಮುಖ. ಎಲ್ಲವೂ ಕೆಂಪಗೆ ಹೊಳೆಯುತ್ತಿದ್ದವು.

"ಛಲೋನ ಕಾಣಸ್ತಾವಲ್ರಿ."

ಕಪಾಳಕ್ಕೆ ಏಟು ಬಿದ್ದವನಂತೆ ವಿಶ್ವನಾಥ ಅವಳನ್ನು ನೋಡಿದ. "ಆ ಹಳೇ ಕಂದು ಬಣ್ಣವೇ ಇದರ ಜೀವ ಕಣ್ರೀ. ತೊಳೆದರೆ ಹೆಣ. ಹತ್ತು ವರ್ಷದ ಹಿಂದೆ ಇವನ್ನ ಕೇಳೋರಿರಲಿಲ್ಲ. ಈಗ ಹರಾಜಿನಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳ್ತಾರೆ. ರೇಟು ಏರಿದ ಹಾಗೆ ಕಣ್ಣೂ ಬೀಳತ್ತೆ. ನನಗೆ ಗೊತ್ತಿತ್ತು, ಯಾರೋ ಬರ್ತಾರೆ ಅಂತ."

"ಬೀರುವಿನ ಕೀಲಿ?"

ಅವನು ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಜನಿವಾರಕ್ಕೆ ಕಟ್ಟಿದ್ದ. "ಸ್ನಾನದಲ್ಲೂ ಮೈ ಬಿಟ್ಟು ಕದಲಲ್ಲ."

ಜನಿವಾರ ಹೊಚ್ಚ ಹೊಸದು. ಅರಿಶಿನ ಇನ್ನೂ ಮಾಸಿರಲಿಲ್ಲ.

"ಮನ್ಯಾಗ ಮತ್ತ ಯಾರದಾರ?"

"ನನ್ನ ಹೆಂಡತಿ. ಅವಳ ವಿಷಯ ಬಿಡಿ, ತಲೆ ಅಷ್ಟು ಸರಿಯಿಲ್ಲ. ಒಂದು ಚಮಚ ಮುಟ್ಟೋಕೂ ನನ್ನ ಕೇಳ್ತಾಳೆ."

ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ. ಸೌಜನ್ಯಾ ಬಗ್ಗಿ ಭೂತಗನ್ನಡಿ ಹಿಡಿದಳು. ಹೆಂಗಸಿನ ಕೂದಲಿನ ಗೆರೆಯಲ್ಲಿ ಕಂದು ನಾರೊಂದು ಸಿಕ್ಕಿಕೊಂಡಿತ್ತು. ಚಿಮುಟದಲ್ಲಿ ತೆಗೆದು ಮೂಗಿನ ಹತ್ತಿರ ತಂದಳು. ಹುಳಿ. ಹಬ್ಬದ ಹಿಂದಿನ ದಿನ ಅವ್ವ ಸಿಂಕಿನ ಮುಂದೆ ನಿಂತು ತಾಮ್ರದ ತಂಬಿಗೆ ತಿಕ್ಕುವಾಗ ಮನೆಯೆಲ್ಲ ಹಬ್ಬುತ್ತಿದ್ದ ಅದೇ ಹುಳಿ. ನಾರನ್ನು ಚೀಲಕ್ಕೆ ಹಾಕಿ ಮುದ್ರೆ ಒತ್ತಿದಳು.

ಅಡುಗೆಮನೆಯಲ್ಲಿ ಅವನ ಹೆಂಡತಿ ಕಾಮಾಕ್ಷಿ ಒಲೆಯ ಪಕ್ಕ ನಿಂತಿದ್ದಳು. ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಶುಕ್ರವಾರವಷ್ಟೇ ವರಮಹಾಲಕ್ಷ್ಮಿ ಹಬ್ಬ ಮುಗಿದಿತ್ತು. ಆದರೆ ಗೂಡಿನ ತಾಮ್ರದ ಚೊಂಬು, ಪಂಚಪಾತ್ರೆ ಎರಡೂ ಮಸಿ ಬಳಿದಂತೆ ಕಪ್ಪಗಿದ್ದವು. ವಿಶ್ವನಾಥ ಬಾಗಿಲಿಗೆ ಒರಗಿ ನಿಂತ.

"ಅಕ್ಕಾರ, ಹಬ್ಬಕ್ಕ ತಂಬಿಗಿ ಬೆಳಗಿಲ್ಲೇನ್ರಿ?"

ಕಾಮಾಕ್ಷಿ ಗಂಡನ ಮುಖ ನೋಡಿದಳು. "ಹುಣಸೆಹಣ್ಣು ಇರಲಿಲ್ಲ."

"ತರಸಬೇಕಿತ್ತಲ್ರಿ."

"ಇದ್ದದ್ದನ್ನ ಬೇರೇದಕ್ಕೆ ಎತ್ತಿಟ್ಟಿದ್ದೆ."

"ಸಾರಿಗೆ ಸುರಿದಿರ್ತಾಳೆ," ಎಂದ ವಿಶ್ವನಾಥ. "ಇದೇನಮ್ಮ, ತನಿಖೇನೋ ಅಡುಗೆ ಕ್ಲಾಸೋ?"

ಕಾಮಾಕ್ಷಿಯ ಬೆರಳ ತುದಿಗಳು ಸುಲಿದಿದ್ದವು. ಅವಳು ಸೌಜನ್ಯಾಳನ್ನೇ ನೋಡಿದಳು, ಬಾವಿಯ ತಳದಲ್ಲಿದ್ದವರು ಮೇಲೆ ಇಣುಕಿದ ಮುಖವನ್ನು ನೋಡುವಂತೆ. ಅವಳ ತಲೆಯ ಮೇಲೆ ಕ್ಯಾಮೆರಾದ ಕೆಂಪು ದೀಪ ಮಿಣುಕುತ್ತಿತ್ತು.

ಬೆರಳಚ್ಚಿನ ಕಿಟ್ ತರುವ ನೆಪ ಹೇಳಿ ಇಬ್ಬರೂ ಹೊರಗೆ ಕಾರಿಗೆ ಬಂದರು. ಅದಕ್ಕೂ ಅವನು ಮೂರು ಬೀಗ ಬಿಚ್ಚಬೇಕಾಯಿತು.

"ತೊಳೆದವಳು ಅವನ ಹೆಂಡತಿ, ಮೇಡಂ. ಆ ನಾರು ಹುಣಸೆಹಣ್ಣಿನದು, ನಮ್ಮಲ್ಲಿ ತಾಮ್ರ ಬೆಳಗುವುದೇ ಅದರಿಂದ. ಬೇಕೆಂದೇ ತೊಳೆದಿದ್ದಾಳೆ. ಅದನ್ನು ಅವನ ಎದುರಿಗೇ ನನಗೆ ಹೇಳಿದಳು."

"ಹುಣಸೆಹಣ್ಣು ಸಾಕ್ಷಿ ಸಾಲದು," ಎಂದರು ವಾರ್ಡ್. "ಅವನಿಲ್ಲದೆ ಅವಳು ನಮ್ಮ ಜೊತೆ ಮಾತಾಡಬೇಕು. ಇವನಿಗೆ ಸುಳಿವು ಸಿಕ್ಕಿತೋ, ನಾವು ಹೋದ ಮೇಲೆ ಆ ಬೀಗಗಳ ಒಳಗೆ ಅವಳೊಬ್ಬಳೇ ಉಳಿಯುತ್ತಾಳೆ. ಇವತ್ತು ಬಿಟ್ಟರೆ ಮತ್ತೆ ನಮಗೆ ಬಾಗಿಲು ತೆರೆಯುವುದಿಲ್ಲ."

ಒಳಗೆ ಬಂದು ಇನ್‌ಸ್ಪೆಕ್ಟರ್ ಬೇಸರದ ದನಿಯಲ್ಲಿ ಹೇಳಿದರು: "ಮಾಮೂಲಿ ಕೆಲಸ, ಸರ್. ಬೀರುವಿನ ಮೇಲಿರುವ ಕಳ್ಳನ ಬೆರಳಚ್ಚು ಬೇರ್ಪಡಿಸಲು ಮನೆಯವರದ್ದೂ ಬೇಕು. ಮೊದಲು ಮಿಸೆಸ್ ಠಾಣೆಗೆ ಬರಲಿ."

"ನಾನೂ ಬರ್ತೀನಿ."

"ಧಾರಾಳವಾಗಿ ಬನ್ನಿ. ಫೋರೆನ್ಸಿಕ್‌ನವರು ಬಂದಾಗ ಮನೆಯವರು ಯಾರೂ ಇರದಿದ್ದರೆ ಬೀರುವನ್ನು ಅವರೇ ತೆಗೆದು ನೋಡುತ್ತಾರೆ, ಅಷ್ಟೇ."

ವಿಶ್ವನಾಥ ಹೆಂಡತಿಯನ್ನು ನೋಡಿದ. ಕೋಣೆಯ ಬಾಗಿಲನ್ನು ನೋಡಿದ. ಮತ್ತೆ ಹೆಂಡತಿಯನ್ನು. ಸೌಜನ್ಯಾಳಿಗೆ ಅನ್ನಿಸಿತು: ಹಾಳಾಗಿ ಹೋದ ತಾಮ್ರ, ಅದನ್ನು ಕಾಯುವುದಕ್ಕೂ ಅವನಿಗೆ ಆಳು ಬೇಕು!

ಕೊನೆಗೆ ಅವನು ಕೀಲಿಗೊಂಚಲು ತೆಗೆದ. ಹೆಂಡತಿಯ ಕೈಗೆ ಒಂದು ಫೋನು ತುರುಕಿದ. "ಇದು ಕೈಯಲ್ಲೇ ಇರಲಿ. ಬೆರಳು ಒತ್ತಿ ಬಾ, ಬಾಯಿ ಬಿಡಬೇಡ."

ಠಾಣೆಯಲ್ಲಿ ಸೌಜನ್ಯಾ ಮೊದಲು ಮಾಡಿದ ಕೆಲಸ ಆ ಫೋನನ್ನು ಹೊರಗಿನ ಲಾಕರಿನಲ್ಲಿಟ್ಟದ್ದು.

"ಒಳಗ ಫೋನ್ ಬಿಡಂಗಿಲ್ರಿ, ಅಕ್ಕಾರ. ಈಗ ಇಲ್ಲಿ ನಾವಿಬ್ರ."

ಕಾಮಾಕ್ಷಿ ಗೋಡೆಯ ಮೂಲೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೂತಳು.

"ಕೀಲಿ ಹೆಂಗ ಸಿಕ್ತು?"

"ನಿನ್ನೆ ಉಪಾಕರ್ಮ, ವರ್ಷಕ್ಕೊಂದ್ಸಲ ಜನಿವಾರ ಬದಲಾಯಿಸೋ ದಿನ. ಪುರೋಹಿತರು ವಿಡಿಯೋದಲ್ಲಿ ಮಂತ್ರ ಹೇಳಿಸ್ತಿದ್ರು. ಹೊಸ ಜನಿವಾರ ಹಾಕ್ಕೊಂಡು ಹಳೇದನ್ನ ತೆಗೆದು ತಟ್ಟೇಲಿಟ್ರು. ಕೀಲಿ ಅದರಲ್ಲೇ ಉಳಿದಿತ್ತು. ಮಧ್ಯ ಏಳೋ ಹಾಗಿಲ್ವಲ್ಲ. ತಟ್ಟೇನ ದೇವರ ಮುಂದೆ ಇಡು ಅಂತ ನನ್ನ ಕೈಗೇ ಕೊಟ್ರು. ಮಂತ್ರ ಮುಗಿಯೋದ್ರೊಳಗೆ ಕೀಲಿ ವಾಪಸ್ ತಟ್ಟೇಲಿಟ್ಟಿದ್ದೆ."

"ಎಲ್ಲಿ ತೊಳದ್ರಿ?"

"ಆ ಕೋಣೆಗೇ ಸೇರಿದ ಬಾತ್‌ರೂಮಲ್ಲಿ. ಅಲ್ಲಿ ಕ್ಯಾಮೆರಾ ಇಲ್ಲ. ಹುಣಸೆಹಣ್ಣು, ಉಪ್ಪು." ಅವಳು ಸುಲಿದ ಬೆರಳು ನೋಡಿಕೊಂಡಳು. "ಆ ಹೆಂಗಸಿನ ಮುಖ ಉಜ್ಜೋವಾಗ ಮಾತ್ರ ಒಂದ್ಸಲ ಕೈ ತಡೆದೆ."

"ಸಿಟ್ಟಿಗೆ ಮಾಡಿದ್ರಾ?"

"ಇಲ್ಲಮ್ಮ." ಅವಳು ತಡವರಿಸಿದಳು. "ಎರಡು ವರ್ಷದಿಂದ ಒಬ್ಬಳೇ ಹೊಸ್ತಿಲು ದಾಟಿಲ್ಲ. ಪಾಸ್‌ಪೋರ್ಟ್ ಅವರ ಹತ್ರ. ಕಿರುಚಿದ್ರೆ ಕ್ಯಾಮೆರಾ ಕೇಳತ್ತೆ. ಯಾರಾದ್ರೂ ಬಂದ್ರೆ ಹುಚ್ಚಿ ಅಂತಾರೆ. ನನಗೇನಾದ್ರೂ ಆದ್ರೆ ಅವರು ಪೊಲೀಸರನ್ನ ಕರೆಯೋರಲ್ಲ. ನಾಣ್ಯಕ್ಕಾದ್ರೆ ಕರೀತಾರೆ. ಅದಕ್ಕೇ."

ಸೌಜನ್ಯಾ ಬರೆಯುವುದನ್ನು ನಿಲ್ಲಿಸಿದಳು.

"ನನ್ನ ವಾಪಸ್ ಕಳಿಸ್ತೀರಾ?"

"ಇಲ್ರಿ, ಅಕ್ಕಾರ. ಕಳಸೂದಿಲ್ಲ."

ಮಧ್ಯಾಹ್ನ ಒಂದೂಕಾಲಿಗೆ ವಿಶ್ವನಾಥ ಮೂರು ಬೀಗ ತೆರೆದು, ಫೋರೆನ್ಸಿಕ್‌ನವರೆಂದುಕೊಂಡು ಇನ್‌ಸ್ಪೆಕ್ಟರನ್ನು ಒಳಗೆ ಕರೆದ. ಹೆಂಡತಿಯನ್ನು ಬೆದರಿಸಿ ಅಂಕೆಯಲ್ಲಿಟ್ಟುಕೊಂಡ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಬೀರುವಿನ ತಳದಲ್ಲಿ ಕಾಮಾಕ್ಷಿಯ ಪಾಸ್‌ಪೋರ್ಟ್ ಸಿಕ್ಕಿತು. ನಾಣ್ಯಗಳಿಗೆ ಹಾಕುವಂಥದೇ ಪ್ಲಾಸ್ಟಿಕ್ ಚೀಲ, ತೇವ ತಗಲದಂತೆ ಒಳಗೊಂದು ಪುಡಿಯ ಪೊಟ್ಟಣ. ನಾಣ್ಯ ಕೆಡಿಸಿದ್ದರ ಬಗ್ಗೆ ಕಾಮಾಕ್ಷಿ ಕೊಟ್ಟ ಹೇಳಿಕೆಯೂ ದಾಖಲಾಯಿತು. ಅದರ ಮುಂದಿನದು ಸರ್ಕಾರಿ ವಕೀಲರಿಗೆ ಬಿಟ್ಟದ್ದು.

ವಿಚಾರಣೆಯಲ್ಲಿ ಅವನು ಒಂದೇ ಮಾತು ಹಿಡಿದ: "ನಾನು ಜೋಪಾನ ಮಾಡಿದೆ, ಅಷ್ಟೇ." ಹಿಂದೆ ಹೇಸ್‌ನ ಬಾಡಿಗೆ ಮನೆಯಲ್ಲಿದ್ದಾಗ ಕಾಮಾಕ್ಷಿ ಜಿಪಿ ಡಾಕ್ಟರ ಹತ್ತಿರ ಹೋಗುತ್ತ ಕಿಟಕಿಯೊಂದನ್ನು ತೆರೆದಿಟ್ಟಿದ್ದಳು. ಅವನ ಮೊದಲ ನಾಣ್ಯಗಳ ಡಬ್ಬಿ ಕಳುವಾಯಿತು. ಅಂದು ಅವಕ್ಕೆ ಬೆಲೆಯಿರಲಿಲ್ಲ, ಅವನೂ ಮರೆತಿದ್ದ. ಬೆಲೆ ಏರತೊಡಗಿದಾಗ ಆ ಕಿಟಕಿ ನೆನಪಾಯಿತು. ಅಲ್ಲಿಂದ ಒಂದೊಂದೇ ಬೀಗ. ಬಂಧಿಸುವಾಗ ಪೊಲೀಸರು ಬೀರು ತೆರೆಯಲು ಜನಿವಾರದಿಂದ ಕೀಲಿ ಬಿಚ್ಚಿಕೊಂಡಾಗ ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿ ಎಲ್ಲಿದ್ದಾಳೆಂದು ಅವನು ಕೇಳಲಿಲ್ಲ.

ಸಂಜೆ ಸೌಜನ್ಯಾ ಕಾಮಾಕ್ಷಿಯನ್ನು ಹೆಂಗಸರ ಆಶ್ರಯಮನೆಗೆ ಕರೆದೊಯ್ದಳು. ಚಿಕ್ಕ ಕೋಣೆ, ಒಂದು ಮಂಚ, ಒಂದು ಕಿಟಕಿ. ಕಾಮಾಕ್ಷಿ ಕಿಟಕಿಯ ಹಿಡಿಯ ಮೇಲೆ ಕೈಯಿಟ್ಟು ಹಾಗೇ ನಿಂತಳು.

"ತೆಗೀಬಹುದಾ?"

"ನಿಮ್ಮ ಖೋಲಿ ರೀ, ಅಕ್ಕಾರ. ಯಾರ್ನ ಕೇಳ್ತೀರಿ?"

ಆದರೂ ಅವಳು ಮೊದಲು ಬಾಗಿಲಿನತ್ತ ತಿರುಗಿ ನೋಡಿದಳು. ಆಮೇಲೆ ತೆಗೆದಳು.