ಖೈರೆಯ ಎಡಗಣ್ಣು

“ಅಲುಗಾಡಬೇಡ ಕಣೋ, ಒಂದೇ ತೊಟ್ಟು,” ಎಂದು ಅಸ್ಮಿ ನಾಯಿ ಖೈರೆಯ ಎಡಗಣ್ಣಿಗೆ ಔಷಧಿ ಬಿಟ್ಟಳು. ಆಮೇಲೆ ಬೆರಳಿನಿಂದ ಅದರ ರೆಪ್ಪೆಯನ್ನು ಮೆಲ್ಲಗೆ ಮುಚ್ಚಿದಳು. ತಾನಾಗಿ ಮುಚ್ಚಲು ಖೈರೆಗೆ ಆಗುತ್ತಿರಲಿಲ್ಲ.

ಐದು ವಾರದ ಹಿಂದೆ, ಒಂದು ಬೆಳಿಗ್ಗೆ, ಖೈರೆಯ ಮುಖದ ಎಡಭಾಗ ಜೋತುಬಿದ್ದಿತ್ತು. ಕಿವಿ ಬಾಡಿದ ಎಲೆಯಂತಾಗಿತ್ತು. ತಿಂದ ಅನ್ನ ಆ ಕಡೆಯಿಂದ ಉದುರುತ್ತಿತ್ತು. ಮುಖದ ನರ ಸೋತಿದೆ, ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು ಡಾಕ್ಟರ್. ಧೂಳು ಬಿದ್ದರೆ ಮಾತ್ರ ಕಣ್ಣೇ ಹೋದೀತು ಎಂದೂ ಹೇಳಿದ್ದರು.

ಮೊದಲು ಅಸ್ಮಿ ಸ್ಕೂಲಿಂದ ಬಂದು ಅಂಗಳದ ಬಾಗಿಲು ತಳ್ಳಿದೊಡನೆ ಖೈರೆಯ ಎರಡೂ ಕಿವಿ ಒಟ್ಟಿಗೆ ನಿಮಿರುತ್ತಿದ್ದವು. ಈಗ ಒಂದೇ. ಬಾಲ ಎಷ್ಟು ಆಡಿದರೂ ಅವಳಿಗೆ ಆ ಇನ್ನೊಂದು ಕಿವಿಯದೇ ನೆನಪು.

ಅಂದು ನೇಪಾಳದ ದೀಪಾವಳಿಯಾದ ತಿಹಾರ್ ಹಬ್ಬದಲ್ಲಿ ನಾಯಿಗಳನ್ನು ಪೂಜಿಸುವ ದಿನ. ಪಾಟನ್ನಿನ ಆ ಅಂಗಳದ ಎಂಟು ಮನೆಗೂ ಸೇರಿ ಇದ್ದದ್ದು ಖೈರೆ ಒಂದೇ. ಎಲ್ಲರೂ ಚೆಂಡುಹೂವಿನ ಹಾರ, ಬಳೆಯಾಕಾರದ ಸೆಲ್ ರೋಟಿ, ಹಣೆಗಿಡುವ ಟೀಕಾಕ್ಕೆ ಕೆಂಪು ಪುಡಿ, ಅಕ್ಕಿ ಇದ್ದ ತಟ್ಟೆ ಹಿಡಿದು ಬಂದರು.

“ನೋಡೇ, ನಿನ್ನ ಖೈರೆ ಬಲಗಡೆ ಪಾಸು, ಎಡಗಡೆ ಫೇಲು,” ಎಂದಳು ಎದುರುಮನೆಯ ರೋಜಿನಾ.

ಅಸ್ಮಿ ನಗಲಿಲ್ಲ. ತಟ್ಟೆಯಲ್ಲಿದ್ದ ಕೆಂಪು ಪುಡಿಯನ್ನೇ ನೋಡುತ್ತಿದ್ದಳು. “ಅಜ್ಜಿ, ಈ ಸಲ ಟೀಕಾ ಬೇಡ. ಪುಡಿ ಕಣ್ಣಿಗೆ ಬೀಳುತ್ತೆ.”

“ವರ್ಷವೆಲ್ಲ ನಮ್ಮ ಬಾಗಿಲು ಕಾದವನಿಗೆ ಇವತ್ತು ಬೋಳುಹಣೆಯೇನೇ?” ಎಂದರು ಅಜ್ಜಿ.

ರೋಜಿನಾ ಮನೆಯೊಳಗೆ ಓಡಿ ಮೊಸರಿನ ಕುಡಿಕೆ ತಂದಳು. ಒಂದೊಂದೇ ತಟ್ಟೆಗೆ ಒಂದೊಂದು ಚಮಚ ಸುರಿದು, ಪುಡಿ ಹಾರದಂತೆ ಅಕ್ಕಿಯ ಜೊತೆ ಗಟ್ಟಿಯಾಗಿ ಕಲೆಸಿದಳು. “ನೀನು ಕಣ್ಣಿಗೆ ಕೈ ಅಡ್ಡ ಹಿಡಿ,” ಎಂದಳು ಅಸ್ಮಿಗೆ.

ಅಸ್ಮಿ ಅಂಗೈಯನ್ನು ಬೋಗುಣಿಯಂತೆ ಬಾಗಿಸಿ ಎಡಗಣ್ಣಿನ ಮೇಲಿಟ್ಟಳು. ಒಬ್ಬೊಬ್ಬರಾಗಿ ಬಂದರು. ಖೈರೆಯ ಹಣೆ ಕೆಂಪಾಗುತ್ತಾ ಹೋಯಿತು.

ಏಳನೆಯ ಮನೆಯವರು ಟೀಕಾ ಇಡುವಾಗ ಅವಳ ಅಂಗೈಯನ್ನು ಏನೋ ಸವರಿತು. ನುಣುಪಾಗಿ, ಚಿಟ್ಟೆಯ ರೆಕ್ಕೆಯಂತೆ. ಅವಳು ಉಸಿರು ಬಿಗಿಹಿಡಿದಳು. ಮತ್ತೊಮ್ಮೆ ಸವರಿತು, ಮುಚ್ಚಿ ತೆರೆದಂತೆ.

“ಆಯ್ತಲ್ಲ, ಕೈ ತೆಗಿಯೇ,” ಎಂದರು ಅಜ್ಜಿ, ಎಂಟನೆಯ ಟೀಕಾ ಇಟ್ಟು.

“ಸ್ವಲ್ಪ ತಡಿ ಅಜ್ಜಿ.”

ಖೈರೆಯ ಎಡಗಿವಿ ಹಾರದ ಮೇಲೆ ಇನ್ನೂ ಜೋತೇ ಇತ್ತು. ಇರಲಿ, ಅದರ ಸಮಯಕ್ಕೆ ಅದು ಏಳಲಿ ಎನಿಸಿತು ಅಸ್ಮಿಗೆ. ಅವಳು ಇನ್ನೊಂದು ಕೈಯನ್ನು ರೋಜಿನಾಳ ಕಡೆ ಚಾಚಿದಳು.

“ಬಾರೇ. ಇಲ್ಲಿ, ನನ್ನ ಕೈಯೊಳಗೆ, ನಿನ್ನ ಬೆರಳು ಇಟ್ಟು ನೋಡು.”