ಕಾಲಿಗೆ ನೀರು

ಬಿಂದು ತಿಮ್ಮೇಶನ ಜೊತೆ ಆಡಿದ ಮೊದಲ ಮಾತೇ ಬೈಗುಳ.

"ಯಾರ್ರೀ ಅದು, ನಮ್ಮ ಬಚ್ಚಲ ಹಿಂದೆ ಜೊಂಡು ನೆಡ್ತಿರೋದು? ಹಾವು ಬಂದು ಸೇರ್ಕಳ್ಳಲಿ ಅಂತಲಾ?"

ಮೊಣಕಾಲವರೆಗೆ ಕೆಸರು ಮೆತ್ತಿಕೊಂಡಿದ್ದವನು ತಲೆ ಎತ್ತಿದ. "ನಿಮ್ಮ ಬಚ್ಚಲ ನೀರು ತೊಳಿಯಾಕೆ ಬಂದೀನಿ."

"ನೀರನ್ನ ಯಾರಾದ್ರೂ ತೊಳಿತಾರಾ?"

"ಆರು ತಿಂಗಳು ತಡ್ಕಳ್ರಿ, ತೋರಿಸ್ತೀನಿ," ಎಂದು ನಕ್ಕ. ಆ ನಗು ಅವಳ ತಲೆಯಲ್ಲಿ ಕೂತುಕೊಳ್ಳಲು ಆರು ದಿನವೂ ಬೇಕಾಗಲಿಲ್ಲ.

ಮಾರಿಕಣಿವೆ ಅಣೆಕಟ್ಟೆ ತುಂಬಿದ ವರ್ಷ ಹಿನ್ನೀರು ಸುತ್ತುವರಿದು, ದಿಬ್ಬದ ಮೇಲಿನ ಬಿಂದುವಿನ ಊರು, ಕುರಿಗಾರರ ಹಟ್ಟಿ, ನಡುಗಡ್ಡೆಯಾಗಿತ್ತು. ನಲವತ್ತು ಮನೆ, ಆಚೆ ದಡಕ್ಕೆ ಹೋಗಲು ಎರಡು ತೆಪ್ಪ. ಬಚ್ಚಲ ನೀರು ಹರಿದು ಸೇರುತ್ತಿದ್ದುದೂ ಹಿನ್ನೀರಿಗೇ, ಕುಡಿಯಲು ಕೊಡ ತುಂಬುತ್ತಿದ್ದುದೂ ಅಲ್ಲಿಂದಲೇ. ಬಿಂದುವಿನ ಅಣ್ಣನ ಮಗನೂ ಸೇರಿ ಮಕ್ಕಳಿಗೆ ಸಾಲಾಗಿ ವಾಂತಿಭೇದಿ ಹಿಡಿದ ಮೇಲೆ ಪಂಚಾಯಿತಿಯವರು ಬಬ್ಬೂರಿನ ತಿಮ್ಮೇಶನನ್ನು ಕಳಿಸಿದ್ದರು. ಅವನು ಒಂದು ತೊಟ್ಟಿಯಲ್ಲಿ ಗಸಿ ಇಳಿಸಿದ, ಮುಂದಿನದಕ್ಕೆ ಜಲ್ಲಿ, ಮರಳು ತುಂಬಿ ಜೊಂಡು ಬೆಳೆಸಿದ. ಕೊನೆಯ ತೊಟ್ಟಿಯಲ್ಲಿ ತಿಳಿನೀರು ನಿಂತಿತು.

ಬಿಂದು ದಿನವೂ ಆ ಕೊನೆಯ ತೊಟ್ಟಿಗೆ ಇಣುಕಲು ಬರುತ್ತಿದ್ದಳು. ನೀರು ನೋಡಲಿಕ್ಕೆ ಎನ್ನುತ್ತಿದ್ದಳು. ಹಟ್ಟಿಯಲ್ಲಿ ಯಾರೂ ನಂಬಲಿಲ್ಲ.

"ಏನ್ ಕಾಣ್ತೈತೆ?" ಎಂದು ಅವನು ಒಮ್ಮೆ ಪಕ್ಕದಲ್ಲಿ ಬಗ್ಗಿ ಕೇಳಿದ.

"ಗಡ್ಡ ಬೋಳಿಸದ ಒಂದು ಮುಖ."

"ಅದರ ಪಕ್ಕದಲ್ಲಿರೋದು ಚೆನ್ನಾಗೈತೆ."

ನೀರೊಳಗಿನಿಂದಲೇ ಅವನು ಅವಳನ್ನು ನೋಡಿದ. ಅವಳೂ ಕಣ್ಣು ತಪ್ಪಿಸಲಿಲ್ಲ. ಕಿವಿ ಮಾತ್ರ ಬಿಸಿಯಾಯಿತು.

ಸುದ್ದಿ ಅಪ್ಪ ಉಗ್ರಪ್ಪನಿಗೂ ಮುಟ್ಟಿತು. "ಊರ ಕೊಚ್ಚೆಗೆ ಕೈ ಹಾಕೋನಿಗೆ ಮಗಳ್ನ ಕೊಡಲ್ಲ," ಎಂದವನೇ ಹೊಳಲ್ಕೆರೆಯಿಂದ ಗಂಡಿನ ಕಡೆಯವರನ್ನು ಕರೆಸಿದ. ಒಪ್ಪಿಗೆಯಾದರೆ ಅದೇ ತಿಂಗಳು ಮದುವೆ.

ಹಟ್ಟಿಯಲ್ಲೊಂದು ಕಟ್ಟಳೆ ಇದೆ. ಹೊರಗಿನಿಂದ ಬಂದವರು ನೆಂಟರಾಗಲಿ, ಮನೆಯ ಯಜಮಾನನೇ ಆಗಲಿ, ಮನೆಯ ಹೆಣ್ಣು ಕೊಟ್ಟ ಚೊಂಬಿನ ನೀರಲ್ಲಿ ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಉಗ್ರಪ್ಪನ ತಾಯಿ ಕಾಟಮ್ಮ ಬದುಕಿರುವವರೆಗೆ ಆ ಮನೆಯಲ್ಲಿ ಅದು ತಪ್ಪುವ ಮಾತೇ ಇಲ್ಲ.

ತೆಪ್ಪ ಇಳಿದು ಬಂದ ನೆಂಟರಿಗೂ ಅವರನ್ನು ಎದುರುಗೊಂಡ ಉಗ್ರಪ್ಪನಿಗೂ ಕಾಲ ತುಂಬ ದಡದ ಕೆಸರು. ಬಿಂದು ಚೊಂಬು ಹಿಡಿದು ಬಾಗಿಲಲ್ಲಿ ನಿಂತಳು. ಅದನ್ನು ಮುಂದಕ್ಕೆ ಚಾಚಿದಳು.

"ಇದು ನಮ್ಮ ಹಟ್ಟಿ ಬಚ್ಚಲ ನೀರು. ತಿಮ್ಮೇಶ ತಿಳಿ ಮಾಡಿದ್ದು. ಕಾಲು ತೊಳ್ಕಳ್ರಿ."

ಗಂಡಿನ ಅಪ್ಪ ಚೊಂಬಿನೊಳಗೆ ಇಣುಕಿದ. ದೂರಲು ಏನೂ ಸಿಗಲಿಲ್ಲ, ಆದರೂ ಹಿಂದೆ ಸರಿದ. "ಏನಪ್ಪ ಉಗ್ರಪ್ಪ, ಕರೆಸಿ ಮರ್ಯಾದೆ ಕಳಿತೀಯಾ?" ಬಂದ ತೆಪ್ಪದಲ್ಲೇ ಎಲ್ಲರೂ ವಾಪಸಾದರು.

ಉಗ್ರಪ್ಪ ಹಲ್ಲು ಕಡಿದ. "ಬೇರೆ ನೀರು ತಾ."

"ತರಲ್ಲಪ್ಪ. ಹೋದ ವರ್ಷ ನಿನ್ನ ಮೊಮ್ಮಗನ್ನ ಆಸ್ಪತ್ರೆಗೆ ಹಾಕಿದ್ದು ಅದೇ ಕೊಚ್ಚೆ. ಅದಕ್ಕೆ ಕೈ ಹಾಕಿದೋನು ಅವನೊಬ್ಬನೇ. ಮದ್ವೆ ಆದ್ರೆ ಅವನ್ನೇ ಆಗ್ತೀನಿ."

ಉಗ್ರಪ್ಪ ಅವಳನ್ನು ಸರಿಸಿ ಒಳಗೆ ಹೊರಟ. ನಡುಮನೆಯಿಂದ ಕಾಟಮ್ಮನ ದನಿ ಬಂತು: "ಉಗ್ರಾ, ಕಾಲು ತೊಳ್ದು ಬಾ."

ಉಗ್ರಪ್ಪ ಹೊಸ್ತಿಲ ಹೊರಗೇ ನಿಂತ. ಕಾಲ ಮೇಲಿನ ಕೆಸರು ಒಣಗಿ ಬಿರಿಯತೊಡಗಿತು. ತೊಟ್ಟಿಯ ಹತ್ತಿರ ತಿಮ್ಮೇಶ ಸನಿಕೆ ಹಿಡಿದು ಇತ್ತಲೇ ನೋಡುತ್ತಿದ್ದ. ಬಿಂದುವಿನ ತೋಳು ಸೋತಿತ್ತು, ಚೊಂಬು ಇಳಿಸಲಿಲ್ಲ.

ಕೊನೆಗೆ ಉಗ್ರಪ್ಪ ಮಗಳ ಮುಖ ನೋಡದೆ ಬಲಗಾಲು ಚಾಚಿದ. ಅವಳು ಸುರಿದಳು. ಎಡಗಾಲನ್ನೂ ತೊಳೆದುಕೊಂಡು, ಪಾದವನ್ನೊಮ್ಮೆ ಮೂಸುವವನಂತೆ ಬಗ್ಗಿ ನೋಡಿ, ಒಳಗೆ ಹೋಗುತ್ತಾ ಅಂದ: "ಅವನ್ನೂ ಕರಿ."

ತಿಮ್ಮೇಶ ಓಡಿಯೇ ಬಂದ. "ಕೊಡು, ನಾನೇ ತೊಳ್ಕತೀನಿ."

"ಸುಮ್ನೆ ನಿಂತ್ಕ," ಎಂದಳು ಬಿಂದು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು. "ಆರು ತಿಂಗಳಲ್ಲಿ ನೀರು ತೊಳ್ದು ತೋರಿಸ್ದೆ. ಈಗ ಕಾಲು ಚಾಚು."